ಗೆತ್ತೊಂಗ್

"ಅತ್ತೆ, ಕೂತ್ಕೊಳ್ಳಿ. ಅವ್ರು ಬರೋದಕ್ಕೆ ಇನ್ನೂ ಹೊತ್ತಿದೆ," ಎಂದು ಸೊಸೆ ಯೊನ್‌ಜು ತೋಳು ಹಿಡಿದು ಎಳೆದಳು.

ಸುನ್‌ಬುನ್ ಕೂರಲಿಲ್ಲ. ಎಪ್ಪತ್ತಾರರ ಮುದುಕಿ, ಮನೆಯ ನಾಲ್ಕು ಮೆಟ್ಟಿಲಿಗೇ ಮಂಡಿ ಹಿಡಿದು ಗೊಣಗುವವಳು, ಇಂಚೋನ್ ಕ್ರೀಡಾಂಗಣದ ಕೆಳಗಿನ ಸಾಲಿನಲ್ಲಿ ಆಗಿನಿಂದ ಕಂಬದ ಹಾಗೆ ನಿಂತಿದ್ದಳು. ಹಿಂದಿನವರು ಬೈದೂ ಬೈದೂ ಸಾಕಾಗಿ ಸುಮ್ಮನಾಗಿದ್ದರು. ಕ್ರೀಡಾಕೂಟದ ಉದ್ಘಾಟನೆಗೆ ಏಷ್ಯಾದ ದೇಶಗಳೆಲ್ಲ ಬಾವುಟ ಹಿಡಿದು ಒಂದೊಂದಾಗಿ ಸಾಗುತ್ತಿದ್ದವು. ಅವಳಿಗೆ ಬೇಕಾಗಿದ್ದದ್ದು ಒಂದೇ ದೇಶ, ಅದರಲ್ಲೂ ಒಬ್ಬನೇ ಹುಡುಗ.

ಆ ಹೆಸರು ಸಿಕ್ಕಿದ್ದು ಪತ್ರಿಕೆಯಲ್ಲಿ. ಗಡಿಯಾಚೆಯ ಉತ್ತರದ ದೇಶದಿಂದ ಬಂದ ಭಾರ ಎತ್ತುವವರ ಪಟ್ಟಿಯಲ್ಲಿ ಟಾಕ್ ಸಂಗ್‌ಹ್ವಾನ್ ಎಂದಿತ್ತು. ಟಾಕ್ ಅವಳ ತವರಿನ ಮನೆತನ, ಅಪರೂಪದ್ದು, ಹುಡುಕಿದರೆ ಊರಿಗೊಂದು ಮನೆ ಸಿಕ್ಕೀತು. ಯಾವ ತಲೆಮಾರಿನ ಗಂಡುಮಕ್ಕಳ ಹೆಸರಲ್ಲಿ ಯಾವ ಅಕ್ಷರ ಬರಬೇಕೆಂದು ಹಿರಿಯರು ಎಂದೋ ಬರೆದಿಟ್ಟಿದ್ದರು. ಉತ್ತರದಲ್ಲೇ ಉಳಿದ ತಮ್ಮನಿಗೆ ಮೊಮ್ಮಗ ಹುಟ್ಟಿದ್ದರೆ ಅವನ ಹೆಸರಲ್ಲಿ 'ಹ್ವಾನ್' ಬರಲೇಬೇಕು.

"ಅಲ್ಲಿ ಅದನ್ನೆಲ್ಲ ಯಾವತ್ತೋ ಬಿಟ್ಟಿದಾರಂತೆ ಅತ್ತೆ," ಎಂದಿದ್ದಳು ಸೊಸೆ.

"ಸರ್ಕಾರ ಬಿಟ್ಟಿರಬಹುದು ಕಣೇ. ನನ್ನ ತಮ್ಮ ಬಿಡೋನಲ್ಲ."

"ಯುದ್ಧದ ಹೊತ್ತಿಗೆ ಏಳು ವರ್ಷದ ಮಗು ಅವ್ರು. ಏನು ನೆನಪಿರತ್ತೆ?"

"ಅಪ್ಪ ಹೇಳ್ಕೊಟ್ಟಿರ್ತಾನೆ. ನೀನು ಸುಮ್ನೆ ಟಿಕೆಟ್ ತಗೋ."

ಯುದ್ಧದ ಚಳಿಗಾಲದಲ್ಲಿ ಉತ್ತರದ ಹ್ವಾಂಗ್‌ಹೇ ಕರಾವಳಿಯಿಂದ ದಕ್ಷಿಣಕ್ಕೆ ಹೊರಟ ದೋಣಿಯಲ್ಲಿ ಒಬ್ಬರಿಗಷ್ಟೇ ಜಾಗವಿತ್ತು. ಹದಿಮೂರರ ಸುನ್‌ಬುನ್‌ಳನ್ನು ಹತ್ತಿಸಿ, "ಮುಂದಿನ ದೋಣಿಗೆ ನಾವು ಬರ್ತೀವಿ" ಎಂದಿದ್ದಳು ಅಮ್ಮ. ಆ ದೋಣಿ ಬರಲೇ ಇಲ್ಲ. ಸತ್ತ ದಿನ ಗೊತ್ತಿಲ್ಲದವರಿಗೆ ಚಾಂದ್ರಮಾನದ ಒಂಬತ್ತನೇ ತಿಂಗಳ ಒಂಬತ್ತರಂದು ಎಡೆ ಇಡುವುದು ರೂಢಿ. ಅಪ್ಪ ಅಮ್ಮನಿಗೆ ಇಡುತ್ತಾಳೆ, ಇದ್ದಿದ್ದರೆ ವಯಸ್ಸು ನೂರು ದಾಟಿರುತ್ತಿತ್ತು. ತಮ್ಮನಿಗೆ ಮಾತ್ರ ಒಂದು ವರ್ಷವೂ ಇಟ್ಟವಳಲ್ಲ. ಇಟ್ಟರೆ ತಾನೇ ಅವನನ್ನು ಕೊಂದ ಹಾಗೆ ಎಂದು ಕೈ ಹಿಂಜರಿಯುತ್ತಿತ್ತು. ಇದ್ದಾನೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕಿತ್ತು ಅವಳಿಗೆ. ಈ ಸಲದ ಒಂಬತ್ತಕ್ಕೆ ಇನ್ನು ಹದಿಮೂರೇ ದಿನ.

ಉತ್ತರದವರನ್ನು ಮಾತಾಡಿಸುವ ಹಾಗಿಲ್ಲ, ಚೀಟಿ ಕೊಡುವ ಹಾಗೂ ಇಲ್ಲ. ಕೇಳಿದ ಕಡೆಯೆಲ್ಲ ಅದೇ ಮಾತು. ಕೂಗುವುದಕ್ಕೆ ಯಾರ ಅಪ್ಪಣೆ ಬೇಕು? ಹುಡುಗನ ಹೆಸರನ್ನು ಯಾರು ಬೇಕಾದರೂ ಕೂಗಿಯಾರು. ಅವನ ಅಜ್ಜನನ್ನು ಚಿಕ್ಕಂದಿನಲ್ಲಿ ಮನೆಯವರು ಕರೆಯುತ್ತಿದ್ದ ಹೆಸರನ್ನು ಅಕ್ಕನೊಬ್ಬಳೇ ಕೂಗಬಲ್ಲಳು. ಮೊಮ್ಮಗನೇ ಆಗಿದ್ದರೆ ಅದನ್ನು ಕೇಳಿ ತಿರುಗಿಯಾನು. ಮೂರು ಮಕ್ಕಳು ತೊಟ್ಟಿಲಲ್ಲೇ ಹೋದ ಮೇಲೆ ಹುಟ್ಟಿದವನನ್ನು ಕಂಡರೆ ಸಾವಿಗೂ ಹೇಸಿಗೆಯಾಗಲಿ ಎಂದು ಅಜ್ಜಿ ಇಟ್ಟ ಹೆಸರು ಅದು: ಗೆತ್ತೊಂಗ್, ನಾಯಿಹೇಲು.

ಧ್ವನಿವರ್ಧಕ ಉತ್ತರದ ದೇಶದ ಹೆಸರು ಹೇಳಿತು. ಚಪ್ಪಾಳೆ ಎದ್ದಿತು. ಸುನ್‌ಬುನ್ ಕಂಬಿಯ ಮೇಲೆ ಅರ್ಧ ಮೈ ಚಾಚಿದಳು.

"ಗೆತ್ತೊಂಗಾ! ಏ ಗೆತ್ತೊಂಗಾ! ಇದ್ದಾನೇನೋ ನಮ್ಮ ಗೆತ್ತೊಂಗ್?"

ಸುತ್ತಲಿನವರು ಗಕ್ಕನೆ ತಿರುಗಿ ನೋಡಿದರು. ಹಿಂದೆ ಬಿಯರ್ ಹಿಡಿದು ಕೂತಿದ್ದವನೊಬ್ಬ ಹೊಟ್ಟೆ ಹಿಡಿದು ನಕ್ಕ. "ಸರಿಯಾಗಿ ಉಗಿದ್ರಿ ಅಜ್ಜಿ! ಹಾಕಿ ಇನ್ನೊಂದು!" ಅವನೂ ಕೂಗಿದ, ಅವನ ಗೆಳೆಯರೂ ಕೂಗಿದರು. "ಗೆತ್ತೊಂಗ್! ಗೆತ್ತೊಂಗ್!" ತಾಯಿ ಎದೆಗವಚಿಕೊಂಡು ಕರೆದ ಹೆಸರು ಕುಡುಕರ ಬಾಯಲ್ಲಿ ಕುಣಿಯತೊಡಗಿತು.

"ನೀವು ಕೂಗ್ಬೇಡಿ! ಅಯ್ಯೋ, ಬಾಯಿ ಮುಚ್ರೋ!" ಎಂದು ಸುನ್‌ಬುನ್ ತಿರುಗಿ ಚೀರಿದಳು. ಅಷ್ಟರಲ್ಲಿ ಕಾವಲಿನ ಇಬ್ಬರು ಹುಡುಗರು ಬಂದು ಅವಳ ಎರಡೂ ಕಡೆ ನಿಂತಿದ್ದರು.

"ಅಜ್ಜೀ, ಅವ್ರು ನಮ್ಮ ಅತಿಥಿಗಳು. ಈ ವಯಸ್ಸಲ್ಲಿ ಬಾಯಲ್ಲಿ ಇಂಥಾ ಮಾತಾ?"

"ಬೈತಿಲ್ಲ ಕಣಪ್ಪಾ, ಕರೀತಿದೀನಿ! ನನ್ನ ತಮ್ಮನ ಹೆಸರು ಅದು. ಬಿಡಪ್ಪಾ, ಅವ್ರು ದಾಟಿ ಹೋಗ್ತಾರೆ!"

"ನಾಯಿಹೇಲು ಅಂತ ಯಾರಾದ್ರೂ ಹೆಸರಿಡ್ತಾರಾ? ನಡೀರಿ, ನಡೀರಿ."

ಹೊರಗಿನ ಮೊಗಸಾಲೆಯಲ್ಲಿ ಒಂದು ಟೀವಿ ಇತ್ತು. ಅದರಲ್ಲಿ ಉತ್ತರದವರು ಇನ್ನೂ ನಡೆಯುತ್ತಿದ್ದರು, ಒಳಗಿನ ಕುಡುಕರ ಕೂಗೂ ನಿಂತಿರಲಿಲ್ಲ. ಮೂರನೇ ಸಾಲಿನಲ್ಲಿ ದಪ್ಪ ಕತ್ತಿನ ಹುಡುಗನೊಬ್ಬ, ಎಲ್ಲರೂ ಕೈ ಬೀಸುತ್ತಿರುವಾಗ, ಬೀಸುತ್ತಿದ್ದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಪ್ರೇಕ್ಷಕರ ಕಡೆ ಕತ್ತೆತ್ತಿ ನೋಡಿದ. ಬಾಯಿ ಸ್ವಲ್ಪ ತೆರೆದಿತ್ತು. ಪಕ್ಕದವನು ಮೊಣಕೈಯಿಂದ ತಿವಿದ. ಅವನು ಮತ್ತೆ ನಕ್ಕು ಕೈ ಬೀಸಿದ. ತೆರೆಯ ಮೇಲೆ ಬೇರೆ ಬಾವುಟ ಬಂತು.

"ನೋಡಿದ್ಯೇನೇ?" ಸುನ್‌ಬುನ್ ಸೊಸೆಯ ಮುಂಗೈ ಹಿಡಿದುಕೊಂಡಳು.

"ನೋಡ್ದೆ ಅತ್ತೆ."

"ಕರೆದ್ರು ಅಂತ ತಿರುಗಿದ್ನಾ? ಬೈದ್ರು ಅಂತ ತಿರುಗಿದ್ನಾ?"

ಯೊನ್‌ಜು ಮತ್ತೆ ಟೀವಿಯ ಕಡೆ ನೋಡಿದಳು.

"ಹೇಳೇ, ನಿನ್ನ ಕಣ್ಣು ಚೆನ್ನಾಗಿದೆಯಲ್ಲ, ಹೇಳೇ!" ಎಂದು ಮುದುಕಿ ಅವಳ ಕೈ ಅಲುಗಿಸುತ್ತಲೇ ಇದ್ದಳು.

ಒಂಬತ್ತರ ಬೆಳಿಗ್ಗೆ ಯೊನ್‌ಜು ಏನೂ ಕೇಳದೆ ಮೂರು ಹಿತ್ತಾಳೆ ಬಟ್ಟಲು ತೊಳೆದಿಟ್ಟಳು. ಸುನ್‌ಬುನ್ ಎರಡಕ್ಕೆ ಅನ್ನ ಬಡಿಸಿ ಅಪ್ಪ ಅಮ್ಮನ ಎಡೆಗೆ ಇಟ್ಟಳು. ಮೂರನೆಯದನ್ನೂ ತುಂಬಿಸಿ, ಕೈಯಲ್ಲಿ ಹಿಡಿದು ತುಂಬ ಹೊತ್ತು ಎಡೆಯ ಮುಂದೆ ನಿಂತಳು. ಆಮೇಲೆ ಮುಚ್ಚಳ ಮುಚ್ಚಿ, ಅಡಿಯಿಂದ ಕಾಯಿಸಿದ ಬಿಸಿನೆಲದ ಮೂಲೆಯಲ್ಲಿ ಹಾಸಿದ್ದ ಕೌದಿಯ ಅಡಿಗೆ ತಳ್ಳಿದಳು. ಹೊರಗೆ ಹೋದವರು ಮನೆಗೆ ಬರುವುದು ತಡವಾದರೆ ಅವರ ಅನ್ನವನ್ನು ಅವಳ ಅಮ್ಮ ಆರದಂತೆ ಇಡುತ್ತಿದ್ದದ್ದು ಹಾಗೆಯೇ.

ಸಂಜೆ ಯೊನ್‌ಜು ಬಂದಾಗ ಅತ್ತೆ ಅಲ್ಲೇ ಕೂತಿದ್ದಳು. ಕೈ ಕೌದಿಯೊಳಗಿತ್ತು.

"ಆರಿ ಹೋಗಿರತ್ತೆ ಅತ್ತೆ, ಕೊಡಿ."

"ಇರು," ಎಂದಳು ಸುನ್‌ಬುನ್. "ನೆಲಕ್ಕೆ ಇನ್ನೊಂಚೂರು ಕಾವು ಜಾಸ್ತಿ ಮಾಡು."