ವರದಿಯ ಕೆಳಗಿನ ಹೆಸರು

ಪ್ರಿಂಟರಿನಿಂದ ಹೊರಬಂದ ಹಾಳೆಯಲ್ಲಿ ಲ್ಯಾಬಿನ ಹೆಸರು ಎರಡೆರಡು ಸಲ, ಒಂದರ ಬೆನ್ನ ಮೇಲೊಂದು ಸವಾರಿ ಮಾಡಿಕೊಂಡು ಕೂತಿತ್ತು. ದೊಡ್ಡಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

“ನನ್ನ ಕಣ್ಣೇ ಕೈ ಕೊಡ್ತೋ ಏನೋ ಅಂದ್ಕೊಂಡೆ ಕಣೇ.”

ಅವಳ ತಂಗಿಯ ಮಗಳು ತಲೆ ಚಚ್ಚಿಕೊಂಡಳು. ರಕ್ತಪರೀಕ್ಷೆಯ ವರದಿಗಳನ್ನು ಇನ್ನು ಮೇಲೆ ವೆಬ್ ಆ್ಯಪ್‌ನಲ್ಲೇ ತಯಾರಿಸೋಣ ಎಂದು ಹಟ ಹಿಡಿದವಳು ಅವಳೇ. ಅದರಲ್ಲಿ ಹೆಡರ್ ಚಿತ್ರ, ಫೂಟರ್ ಚಿತ್ರ ಎಂದು ಎರಡು ಜಾಗ ಕೊಟ್ಟಿದ್ದರು. ವರದಿಯ ನೆತ್ತಿಗೊಂದು, ಬುಡಕ್ಕೊಂದು. ನೆತ್ತಿಗೆ ಲ್ಯಾಬಿನ ಹೆಸರಿರುವ ಚಿತ್ರ ಏರಿಸಿದ್ದಳು. ಆದರೆ ಪ್ರಿಂಟರಿಗೆ ತುಂಬಿದ್ದು ಅದೇ ಹೆಸರು ಮೊದಲೇ ಅಚ್ಚಾಗಿದ್ದ ಹಳೇ ಲೆಟರ್‌ಹೆಡ್. ಅಂಥ ಹಾಳೆ ಬೀರುವಿನಲ್ಲಿ ಇನ್ನೂ ನಾಲ್ಕು ಕಟ್ಟು ಇದ್ದವು. ಅವನ್ನು ರದ್ದಿಗೆ ಹಾಕುವ ಮಾತನ್ನು ದೊಡ್ಡಮ್ಮನ ಎದುರು ಎತ್ತುವುದುಂಟೇ! ಕೊನೆಗೆ ಉಪಾಯ ಹೊಳೆಯಿತು: ಏನೂ ಇಲ್ಲದ ಬರೀ ಬಿಳಿ ಚಿತ್ರವೊಂದನ್ನು ಅಷ್ಟೇ ಎತ್ತರಕ್ಕೆ ಕತ್ತರಿಸಿ ಹೆಡರ್‌ಗೆ ಏರಿಸಿದಳು. ಈಗ ಅಚ್ಚಿನ ಹೆಸರು ತನ್ನ ಪಾಡಿಗೆ ತಾನು ಮೇಲಿತ್ತು, ಫಲಿತಾಂಶ ಅದರ ಕೆಳಗಿನಿಂದ ಶುರುವಾಯಿತು. ಖಾಲಿ ಚಿತ್ರ ಹಚ್ಚೋದಕ್ಕೆ ಇಡೀ ಬೆಳಗು ಬೇಕಾಯಿತೇ ಎಂದು ದೊಡ್ಡಮ್ಮ ಛೇಡಿಸಿದಳು.

ಉಳಿದದ್ದು ಫೂಟರ್. ಸಹಿಯ ಜಾಗ, ಅದರಡಿ ಹೆಸರು. ತಂಗಿಯ ಮಗಳು ಅಳುಕಿದ್ದು ಇಲ್ಲಿ. ಮೂರು ವರ್ಷದಿಂದ ಇಲ್ಲಿ ಸೂಜಿ ಚುಚ್ಚಿದ್ದಾಳೆ, ಸ್ಲೈಡ್ ನೋಡಿದ್ದಾಳೆ. ಹೋದ ತಿಂಗಳು ಪರೀಕ್ಷೆ ಪಾಸಾಗಿ ವರದಿಗೆ ಸಹಿ ಹಾಕುವ ಅರ್ಹತೆಯೂ ಬಂದಿದೆ. ತನ್ನ ಹೆಸರೂ ಅಲ್ಲಿರಲಿ ಎಂದು ಅವಳಿಗೆ ಆಸೆ, ಬೆಟ್ಟದಷ್ಟು ಆಸೆ. ಆದರೆ ದೊಡ್ಡಮ್ಮ ಇಪ್ಪತ್ತಾರು ವರ್ಷ ಒಬ್ಬಳೇ ನಿಂತು ಕಟ್ಟಿದ ಲ್ಯಾಬು ಇದು. ಇವಳು ಈಗಲೇ ನನ್ನ ಕುರ್ಚಿಗೆ ಕಣ್ಣು ಹಾಕಿದಳಲ್ಲ ಅಂತ ಅವಳಿಗೆ ಅನ್ನಿಸಿಬಿಟ್ಟರೆ? ಕೇಳಲು ಬಾಯೇ ಬಂದಿರಲಿಲ್ಲ.

ಫೂಟರ್ ಎಂಬಲ್ಲಿ ಒತ್ತಿದಾಗ ಪರದೆಯ ಮೇಲೆ ಅವಳು ಮಾಡಿಟ್ಟಿದ್ದ ಚಿತ್ರಗಳ ಪಟ್ಟಿ ತೆರೆದುಕೊಂಡಿತು. ‘ಖಾಲಿ’, ‘ದೊಡ್ಡಮ್ಮ’, ‘ಸುಮ್ನೆ’. ಅವಳು ಗಡಿಬಿಡಿಯಲ್ಲಿ ಎರಡನೆಯದಕ್ಕೆ ಕೈಹಾಕಿದಳು.

“ನಿಲ್ಲು. ಆ ‘ಸುಮ್ನೆ’ ಅನ್ನೋದು ಏನು?”

“ಏನಿಲ್ಲ ದೊಡ್ಡಮ್ಮ. ಸುಮ್ನೆ ಮಾಡಿದ್ದು.”

“ತೆಗಿ, ನೋಡೋಣ.”

ತೆಗೆಯದೆ ವಿಧಿಯಿರಲಿಲ್ಲ. ಎಡಗಡೆ ದೊಡ್ಡಮ್ಮನ ಹೆಸರು ದಪ್ಪ ಅಕ್ಷರದಲ್ಲಿತ್ತು. ಬಲಗಡೆಯ ಮೂಲೆಯಲ್ಲಿ, ಇರುವೆ ಸಾಲಿನ ಹಾಗೆ, ತಂಗಿಯ ಮಗಳದ್ದು. ದೊಡ್ಡಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಬೇಡವಾದರೆ ಅಳಿಸಿಬಿಡುತ್ತೇನೆ ಎಂದು ಹುಡುಗಿ ತೊದಲಿದಳು.

“ಇದನ್ನ ಓದೋಕೂ ಮೈಕ್ರೋಸ್ಕೋಪೇ ಬೇಕಲ್ಲೇ,” ಎಂದಳು ದೊಡ್ಡಮ್ಮ. “ನನ್ನ ಹೆಸರಿನಷ್ಟೇ ದೊಡ್ಡದು ಮಾಡು.”

ತಂಗಿಯ ಮಗಳಿಗೆ ಕಣ್ಣು ಮಂಜಾಗಿ ಮೌಸ್ ಎಲ್ಲಿದೆ ಎಂದೇ ತಿಳಿಯಲಿಲ್ಲ. ಅಕ್ಷರ ಹಿಗ್ಗಿಸಿದರೆ ಚಿತ್ರ ಅಳತೆ ಮೀರಿತು. ಚಿತ್ರ ಕುಗ್ಗಿಸಿದರೆ ದೊಡ್ಡಮ್ಮನ ಹೆಸರೂ ಕುಗ್ಗಿತು. ಕುಗ್ಗಲಿ ಬಿಡು, ನಾನೇನು ಕರಗಿ ಹೋಗೋದಿಲ್ಲ ಅಂದಳು ಅವಳು. ಹಾಗನ್ನುವಾಗ ಅವಳ ಮುಖದಲ್ಲಿ ಸಂತೋಷವೇ ಇತ್ತು.

ಲಾರಿ ಡ್ರೈವರ್ ಒಬ್ಬ ತನ್ನ ಸಕ್ಕರೆ ಪರೀಕ್ಷೆಯ ವರದಿಗಾಗಿ ಹೊರಗೆ ಕಾಯುತ್ತಿದ್ದ. ಹೊಸ ಫೂಟರಿನ ಮೊದಲ ಹಾಳೆ ಅವನದೇ. ತಂಗಿಯ ಮಗಳು ತನ್ನ ಹೆಸರಿನ ಮೇಲೆ ಸಹಿ ಹಾಕಿದಳು. ಒಳಗೆ ಬಂದ ಡ್ರೈವರ್ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, ಹದಿನೈದು ವರ್ಷದ ರೂಢಿಯಂತೆ ದೊಡ್ಡಮ್ಮನತ್ತ ಚಾಚಿ, ಸಕ್ಕರೆ ಇಳಿದಿದೆಯೇ ಎಂದು ಕೇಳಿದ.

ದೊಡ್ಡಮ್ಮ ಹಾಳೆ ಮುಟ್ಟಲಿಲ್ಲ.

“ಸಹಿ ಯಾರದ್ದಿದೆಯೋ ಅವರನ್ನೇ ಕೇಳಿ,” ಎಂದು ಸ್ಲೈಡುಗಳ ಟ್ರೇ ಎತ್ತಿಕೊಂಡು ಒಳಕೋಣೆಗೆ ಹೋದಳು.

ಡ್ರೈವರ್ ಕುರ್ಚಿಯನ್ನು ಹುಡುಗಿಯ ಕಡೆಗೆ ಎಳೆದುಕೊಂಡು ಕೂತ. ತಂಗಿಯ ಮಗಳು ಹಾಳೆಯಲ್ಲಿ ಸಕ್ಕರೆಯ ಅಂಕಿಯಿದ್ದ ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. ಒಳಗೆ ನಲ್ಲಿ ತಿರುಗಿಸಿದ ಸದ್ದು ಕೇಳಿತು.