ಕ್ಲಚ್ ಅಪ್ಪನದು, ಗೇರು ನನ್ನದು

ನನಗೆ ಕಾರಿನ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಗಂಡ ಬಂದವರ ಮುಂದೆಲ್ಲ ಹೇಳುವ ಕತೆಯಲ್ಲಿ ನಾನು ಕಾರೆಂದರೆ ಮುಖ ಸಿಂಡರಿಸುವ ಹೆಂಗಸು. ಅವರ ಕತೆ ಅವರಿಗಿರಲಿ. ನಾನು ನೆಲದ ಮೇಲೆ ನಡೆದದ್ದಕ್ಕಿಂತ ಹೆಚ್ಚು ಗಾಡಿಯೊಳಗೆ ಕೂತು ಬೆಳೆದವಳು.

ಅಪ್ಪ ಬೇಕರಿಯ ವ್ಯಾನು ಓಡಿಸುತ್ತಿದ್ದ. ಅಮ್ಮ ತೀರಿಕೊಂಡಾಗ ಅಣ್ಣ ಸ್ಕೂಲಿಗೆ ಹೋಗುವಷ್ಟು ದೊಡ್ಡವನಾಗಿದ್ದ, ನಾನು ಇನ್ನೂ ಬೆರಳು ಚೀಪುವ ಮಗು. ಯಾರ ಮನೆಯಲ್ಲಾದರೂ ಬಿಟ್ಟು ಹೋಗು ಎಂದು ಊರೆಲ್ಲ ಹೇಳಿತು. ಅಪ್ಪ ಯಾರ ಮಾತೂ ಕೇಳದೆ ನನ್ನನ್ನು ವ್ಯಾನಿನಲ್ಲಿ ತನ್ನ ಎಡಗಡೆಯ ಸೀಟಿನಲ್ಲಿ ಕೂರಿಸಿಕೊಂಡು ಹೊರಟುಬಿಟ್ಟ. ಹಿಂದೆ ಬ್ರೆಡ್ಡು, ಬನ್ನು, ಬಿಸಿ ಬಿಸಿ ಸಕ್ಕರೆಯ ವಾಸನೆ. ಮುಂದೆ ನಾವಿಬ್ಬರು. ನಮ್ಮ ನಡುವೆ ಉದ್ದನೆಯ ಗೇರಿನ ಕಡ್ಡಿ, ಅದರ ತುದಿಯಲ್ಲಿ ಸವೆದು ನುಣ್ಣಗಾದ ಒಂದು ಕರಿ ಗುಂಡು.

ಕೂತಲ್ಲಿ ಕೂರುವ ಜಾತಿ ನನ್ನದಲ್ಲ. ಬಾಗಿಲ ಹಿಡಿಯನ್ನು ತಿರುಗಿಸುವುದು, ಹಾರನ್ನಿಗೆ ಕೈ ಚಾಚುವುದು, ಹಿಂದಕ್ಕೆ ತೂರಿ ಬನ್ನು ಕದಿಯುವುದು, ಎಲ್ಲ ನಡೆದಿತ್ತು. ಕೊನೆಗೆ ಅಪ್ಪ ನನಗೊಂದು ಕೆಲಸ ಕೊಟ್ಟ. ಅವನು ಕ್ಲಚ್ ಒತ್ತಿ, "ಒತ್ತಿದೀನಿ, ಹಾಕು" ಅನ್ನುತ್ತಿದ್ದ. ನಾನು ಬಲಗೈಯಿಂದ ಗೇರು ಹಾಕುತ್ತಿದ್ದೆ. ಮೊದಮೊದಲು ನನ್ನ ಕೈಯ ಮೇಲೆ ಅವನ ಕೈ ಇರುತ್ತಿತ್ತು, ಆಮೇಲೆ ಅದೂ ಬೇಕಾಗಲಿಲ್ಲ. "ಕ್ಲಚ್ ನಂದು, ಗೇರು ನಿಂದು. ಒಬ್ಬರ ಕೆಲಸದಲ್ಲಿ ಒಬ್ಬರು ತಲೆ ಹಾಕೋದು ಬೇಡ" ಎಂದು ಒಪ್ಪಂದವಾಯಿತು. ನನಗೆ ಕ್ಲೀನರ್ ಎಂದು ಹೆಸರೂ ಬಿತ್ತು. ಅಂಗಡಿಯವರು ಬ್ರೆಡ್ಡು ಇಳಿಸಿಕೊಳ್ಳುವಾಗ, "ಏನಪ್ಪಾ, ನಿನ್ನ ಕ್ಲೀನರು ಇವತ್ತು ತಲೆಗೂದಲೇ ಬಾಚ್ಕೊಂಡಿಲ್ವಲ್ಲ" ಎಂದು ರೇಗಿಸುತ್ತಿದ್ದರು. ನಾನು ಸ್ಕೂಲು ಸೇರಿದ ಮೇಲೂ ರಜೆ ಬಂತೆಂದರೆ ಎಡಗಡೆಯ ಸೀಟು ನನ್ನದೇ.

ದೊಡ್ಡವಳಾದ ಮೇಲೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸುತ್ತೇನೆ ಎಂದಿದ್ದ. ಇವತ್ತು ನಾಳೆ ಎನ್ನುತ್ತಾ ನನಗೆ ಮದುವೆಯಾಯಿತು, ಆಮೇಲೊಂದು ಬೆಳಗ್ಗೆ ಲಕ್ವ ಹೊಡೆದು ಅಪ್ಪನ ಎಡಭಾಗ ಬಿದ್ದುಹೋಯಿತು. ಕೈ ನಿಧಾನಕ್ಕೆ ಸರಿಹೋಯಿತು. ಕಾಲು ಮಾತ್ರ ಬರಲಿಲ್ಲ. ಅಣ್ಣ, ಅತ್ತಿಗೆ ಅವನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾರೆ, ಆ ಮಾತಿನಲ್ಲಿ ಎರಡಿಲ್ಲ. ಆದರೂ ಹೋದದ್ದು ಕ್ಲಚ್ ಒತ್ತುತ್ತಿದ್ದ ಕಾಲೇ.

ನಾವು ಈ ದೇಶಕ್ಕೆ ಬಂದದ್ದು ಗಂಡನ ಕೆಲಸಕ್ಕಾಗಿ. ಅವರು ಲಿಫ್ಟು ರಿಪೇರಿ ಮಾಡುವವರು. ಅವರ ವರ್ಕ್‌ಶಾಪು ನಮ್ಮ ಬೀದಿಯ ಕೊನೆಯಲ್ಲೇ ಇದೆ. ನಾನು ಹಲ್ಲಿಲ್ಲದವರಿಗೆ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಹಿಡಿದೆ. ಪ್ಲಾಸ್ಟರಿನ ದವಡೆಗಳನ್ನು ಮುಂದಿಟ್ಟುಕೊಂಡು, ಗುಲಾಬಿ ಮೇಣವನ್ನು ಸಣ್ಣ ಉರಿಯಲ್ಲಿ ಮೆತ್ತಗೆ ಮಾಡಿ, ಒಂದೊಂದೇ ಹಲ್ಲನ್ನು ಕೂರಿಸುವ ಕೆಲಸ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಅದರಲ್ಲಿ ಅರ್ಧ ಪಾಲನ್ನಾದರೂ ನಾನು ಸರಿಮಾಡುತ್ತೇನೆ ಎಂಬ ಜಂಬ ನನಗಿದೆ.

ನಮ್ಮದು ಬಸ್ ಸ್ಟಾಪಿನ ನೇರ ಮೇಲೆ ಎರಡು ಕೋಣೆಯ ಮನೆ. ನೆಲದ ಮೇಲೆ ಹಾಸಿಗೆ, ಮಡಚಿಡುವ ಮೇಜು, ಮಡಚಿಡುವ ಕುರ್ಚಿ. ಗಂಡ ಬೀರು ತೆಗೆದುಕೊಳ್ಳೋಣವೆಂದರೆ ಬೇಡ ಎಂದೆ. ಕಿಟಕಿಯಲ್ಲಿ ಒಂದು ಹೂವಿನ ಕುಂಡ ಇಡೋಣವೆಂದರೆ ಅದಕ್ಕೂ ಬೇಡ ಎಂದೆ. ಬರುವಾಗ ತಂದ ಸೂಟ್‌ಕೇಸುಗಳಲ್ಲಿ ಹಿಡಿಸುವಷ್ಟೇ ಸಂಸಾರ ಇರಬೇಕು ಎನ್ನುವುದು ನನ್ನ ಹಟ. ಎತ್ತಿಕೊಂಡು ಹೊರಡು ಎಂದರೆ ಹೊರಡಬೇಕು, ಅಷ್ಟೇ. ಕಾರು ಸೂಟ್‌ಕೇಸಿನಲ್ಲಿ ಹಿಡಿಸುವುದಿಲ್ಲ. ನನ್ನ ತಕರಾರು ಇದ್ದದ್ದು ಇದಿಷ್ಟೇ.

ಹೀಗಿರುವಾಗ ಲ್ಯಾಬಿನವರು ಜಾಗ ಬದಲಾಯಿಸುವುದಾಗಿ ಹೇಳಿದರು. ಹೊಸ ಕಟ್ಟಡ ಊರಾಚೆ, ಗೋದಾಮುಗಳ ನಡುವೆ. ಅಲ್ಲಿಗೆ ಬಸ್ಸಿಲ್ಲ. ಕಾರಿದ್ದರೆ ಕೆಲಸ, ಇಲ್ಲದಿದ್ದರೆ ಮನೆ.

ಗಂಡ ಆ ಸಂಜೆಯೇ ಫೋನಿನಲ್ಲಿ ಕಾರುಗಳನ್ನು ನೋಡತೊಡಗಿದರು. ತಾವು ಓಡಿಸುವುದಕ್ಕಲ್ಲ. ಅವರು ಇಳಿಜಾರಿನಲ್ಲಿ ಸೈಕಲ್ಲನ್ನೂ ತಳ್ಳಿಕೊಂಡೇ ಹೋಗುವ ಜೀವ. ಊರಿನ ಲಿಫ್ಟುಗಳ ಹಗ್ಗಕ್ಕೆಲ್ಲ ಧೈರ್ಯ ಹೇಳುವ ಮನುಷ್ಯನಿಗೆ ರಸ್ತೆ ಕಂಡರೆ ಎದೆ ಢವಢವ.

"ಮೊದಲು ಕಲ್ತ್ಕೋ. ಕಲ್ತ ಮಾತ್ರಕ್ಕೆ ಕಾರು ತಗೊಳ್ಳಲೇಬೇಕು ಅಂತೇನಿಲ್ವಲ್ಲ" ಎಂದರು.

ಉಪಾಯ ನನಗೆ ಅರ್ಥವಾಗದೆ ಇರಲಿಲ್ಲ. ಆದರೂ ಹೋದೆ.

ಡ್ರೈವಿಂಗ್ ಕಲಿಸುವ ಮೇಷ್ಟ್ರು ಕಾರಿನ ಹತ್ತಿರ ಕಾಯುತ್ತಿದ್ದರು. ನಾನು ನಮಸ್ಕಾರ ಹೇಳಿ, ಸುಮ್ಮನೆ ಎಡಗಡೆಯ ಬಾಗಿಲು ತೆಗೆದು, ಪಕ್ಕದಲ್ಲಿ ಕೂರುವವಳ ಹಾಗೆ ಕೂತೆ. ಮೊದಲ ದಿನ ಅವರು ಓಡಿಸಿ ತೋರಿಸುತ್ತಾರೆ, ನಾನು ನೋಡುವುದು, ಹೀಗೆ ನನ್ನ ಲೆಕ್ಕಾಚಾರ. ತಲೆಯೆತ್ತಿದರೆ ಎದುರಿಗೆ ಸ್ಟೀರಿಂಗ್! ಈ ದೇಶದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಓಡಿಸುವವರು ಎಡಕ್ಕೆ ಕೂರುತ್ತಾರೆ. ಬಸ್ಸಿನಲ್ಲಿ ದಿನಾ ಕಂಡಿದ್ದರೂ ನನ್ನ ಮೈಗೆ ಅದು ಗೊತ್ತಿರಲಿಲ್ಲ. ಎಡಗಡೆ ನನ್ನ ಜಾಗ, ಬಲಗಡೆ ಅಪ್ಪನ ಜಾಗ. ಆ ಬಲಗಡೆಯ ಬಾಗಿಲು ತೆಗೆದು ಮೇಷ್ಟ್ರು ಬಂದು ಕೂತರು.

ಮೇಷ್ಟ್ರು ಒಂದೊಂದೇ ಹೇಳಿಕೊಟ್ಟಂತೆ ಮಾಡಿದೆ, ಗಾಡಿ ಹೊರಟಿತು. ಗೇರು ಬದಲಾಯಿಸುವ ಹೊತ್ತಿಗೆ ನನ್ನ ಬಲಗೈ ತಾನಾಗಿಯೇ ಕೆಳಗಿಳಿಯಿತು. ನೋಡಬೇಕಾಗಲಿಲ್ಲ, ಹುಡುಕಬೇಕಾಗಲಿಲ್ಲ. ಗುಂಡನ್ನು ಅಂಗೈಯಲ್ಲಿ ಹಿಡಿದು ಹಿಂದಕ್ಕೆ ಎಳೆದೆ. ಕರ್ರ್ ಎಂದು ಗಾಡಿ ಹಲ್ಲು ಕಡಿಯಿತು. ಇನ್ನೊಂದು ಸಲ ಎಳೆದೆ. ಮತ್ತೆ ಕರ್ರ್. ಕಾಲಿನ ಕೆಳಗೆ ಕ್ಲಚ್ ಇತ್ತು, ಮೇಷ್ಟ್ರು ತೋರಿಸಿಯೂ ಇದ್ದರು. ಆದರೆ ಕ್ಲಚ್ ಒತ್ತುವುದು ನನ್ನ ಕೆಲಸ ಎಂದು ನನ್ನ ಕಾಲಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಅದು ಅಪ್ಪನ ಕಾಲಿನ ಕೆಲಸವಾಗಿತ್ತು. ನನ್ನ ಕೈ ಅವನಿಗಾಗಿ ಕಾಯುತ್ತಿತ್ತು.

ಕಲಿಸುವ ಕಾರುಗಳಲ್ಲಿ ಮೇಷ್ಟ್ರ ಕಾಲಿನ ಹತ್ತಿರವೂ ಒಂದು ಕ್ಲಚ್ ಇರುತ್ತದೆಯಂತೆ. ನನಗದು ತಿಳಿದಿರಲಿಲ್ಲ. ಗಾಡಿಯ ಗೋಳು ಕೇಳಲಾರದೆ ಅವರು ತಮ್ಮ ಕಡೆಯಿಂದ ಮೆಲ್ಲಗೆ ಒತ್ತಿದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗೇರು ಬಿತ್ತು.

ಬಲಗಡೆ ಕೂತ ಯಾರೋ ಒಬ್ಬರು ನನಗೋಸ್ಕರ ಕ್ಲಚ್ ಒತ್ತಿದ್ದರು. ನಾನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಅತ್ತುಬಿಟ್ಟೆ. ಸುಮ್ಮನೆ ಕಣ್ಣು ಒರೆಸಿಕೊಳ್ಳುವ ಅಳುವಲ್ಲ, ಮೂಗು ಸೋರುವ ಅಳು. ಪಾಪ, ಮೇಷ್ಟ್ರು ಗಾಬರಿಯಾಗಿ ಕಿಟಕಿ ಇಳಿಸಿದರು, ನೀರು ಕೊಟ್ಟರು, ಮೊದಲ ದಿನ ಎಲ್ಲರಿಗೂ ಹೀಗಾಗುತ್ತದೆ ಎಂದು ಸುಳ್ಳು ಹೇಳಿದರು. ಕೊನೆಗೆ, ನಿಮ್ಮ ಕೈಗೆ ಇಷ್ಟೊಂದು ಅನುಭವ, ಕಾಲು ಮಾತ್ರ ಇವತ್ತು ಹುಟ್ಟಿದ ಹಾಗಿದೆಯಲ್ಲ, ಇದು ಹೇಗೆ ಎಂದು ಕೇಳಿದರು. ಅವರ ಭಾಷೆಯಲ್ಲಿ ಬ್ರೆಡ್ಡಿನ ವ್ಯಾನಿನ ಕತೆ ಹೇಳುವಷ್ಟು ಶಬ್ದಗಳು ನನ್ನ ಹತ್ತಿರ ಇರಲಿಲ್ಲ.

ಅಂತೂ ಇಂತೂ ಲೈಸೆನ್ಸ್ ಬಂತು. ಪರೀಕ್ಷೆಯ ದಿನ ನನ್ನ ಎಡಗಾಲನ್ನು ಬೈದು ಬೈದೇ ಪಾಸು ಮಾಡಿಸಿದೆ. ಆದರೆ ಕಾರು ಬೇಡ ಎಂಬ ನನ್ನ ಮಾತು ಅಲ್ಲಾಡಲಿಲ್ಲ. ನಿಜ ಹೇಳಬೇಕೆಂದರೆ, ಆ ಅಳುವಿನ ನಂತರ ಇನ್ನೂ ಗಟ್ಟಿಯಾಯಿತು. ನನಗೆ ಅಪ್ಪ ಬೇಕಿತ್ತು. ಲ್ಯಾಬು ದೂರ ಹೋಗಲಿ, ಕೆಲಸ ತಪ್ಪಲಿ, ಆಗ ಊರಿಗೆ ಹೊರಡುವುದಕ್ಕೆ ಒಂದು ನೆಪವಾದರೂ ಸಿಗುತ್ತದೆ ಎಂದು ಒಳಗೊಳಗೇ ಹಾರೈಸುತ್ತಿದ್ದೆ.

ಅಷ್ಟರಲ್ಲಿ ಲ್ಯಾಬಿನಲ್ಲಿ ಹಲ್ಲುಗಳಿಗೆ ಹೊಳಪು ಕೊಡುವ ಅಜ್ಜಿ ಕೆಲಸ ಬಿಡುವವಳಿದ್ದಳು. ನಾನೂ ನನ್ನ ಗಂಡನೂ ಮನೆಯಲ್ಲಿ ಅವಳನ್ನು ಪಾಲಿಶ್ ಅಜ್ಜಿ ಎನ್ನುತ್ತೇವೆ. ಕ್ಲಚ್ ಇರುವ ತನ್ನ ಹಳೆಯ ನೀಲಿ ಕಾರನ್ನು ನಿನಗೇ ಕೊಡುತ್ತೇನೆ, ವಾರದೊಳಗೆ ಹೇಳು ಎಂದಳು. ಗಂಡನಿಗೆ ಅದು ಅಷ್ಟು ಹಿಡಿಸಲಿಲ್ಲ.

"ಆಟೋಮ್ಯಾಟಿಕ್ ತಗೊಳ್ಳೋಣ ಕಣೆ. ಕ್ಲಚ್ಚೇ ಇರಲ್ಲ. ನಿನ್ನ ಕಾಲಿನ ರಗಳೆನೇ ಮುಗೀತು."

"ನೀವು ಯಾವ ಕಾರೂ ತಗೊಳ್ಳೋದು ಬೇಡ. ಊರಿಗೆ ಹೋಗೋಣ" ಎಂದೆ.

ಅವರು ಫೋನು ಕೆಳಗಿಟ್ಟರು. ಜಗಳವಾಡಲಿಲ್ಲ. "ನಿಂಗೆ ಅಪ್ಪನ ಹತ್ರ ಹೋಗ್ಬೇಕು ಅನ್ನಿಸಿದ್ರೆ ನಾನು ಅಡ್ಡ ಬರಲ್ಲ. ಆದ್ರೆ ಅವರನ್ನೇ ಒಂದ್ಮಾತು ಕೇಳು. ನನ್ನ ಹತ್ರ ಬೇಡ, ಅವರ ಹತ್ರ ಹೇಳು, ಕೆಲಸ ಬಿಡ್ತೀನಿ ಅಂತ" ಎಂದಷ್ಟೇ ಹೇಳಿ ಪಾತ್ರೆ ತೊಳೆಯಲು ಎದ್ದು ಹೋದರು. ಮೆತ್ತಗಿನ ಗಂಡಂದಿರ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಬಾಳಿದವರಿಗೇ ಗೊತ್ತು.

ಅಪ್ಪನಿಗೆ ಫೋನು ಮಾಡಿದೆ. ಲ್ಯಾಬಿನ ವಿಷಯ, ಕಾರಿನ ವಿಷಯ ಹೇಳಿದ ಕೂಡಲೇ ಅವನು ಕೇಳಿದ್ದು ಬೇರೆಯೇ.

"ಅಲ್ಲಿ ಕ್ಲಚ್ ಇಲ್ದಿರೋ ಗಾಡಿ ಸಿಗುತ್ತಂತೆ, ಹೌದಾ? ಎಡಗಾಲೇ ಬೇಡ್ವಂತೆ?"

"ಹೌದಪ್ಪಾ. ತುಂಬಾ ಇವೆ."

"ಓಹೋ" ಎಂದ. ಅವನು ಕೇಳುತ್ತಿದ್ದದ್ದು ನನಗೋಸ್ಕರ ಅಲ್ಲ ಎಂದು ನನಗೆ ಆಗ ಹೊಳೆಯಿತು.

"ನಂಗೆ ಯಾವ ಗಾಡಿನೂ ಬೇಡ. ಕೆಲಸ ಬಿಟ್ಟು ಬಂದ್ಬಿಡ್ತೀನಿ. ನಿನ್ನ ನೋಡ್ಕೊಂಡಿರ್ತೀನಿ."

"ನನ್ನ ನೋಡ್ಕೊಳ್ಳೋಕೆ ನಿಮ್ಮಣ್ಣ ಇದಾನೆ, ನಿಮ್ಮತ್ತಿಗೆ ಇದಾಳೆ. ಗುಟುಕು ನೀರು ಕುಡಿಯೋಕೂ ಬಿಡಲ್ಲ, ಅವರೇ ಕುಡಿಸ್ತಾರೆ. ನೀನೂ ಬಂದು ನಿಂತ್ರೆ ನಂಗೆ ಉಸಿರಾಡೋಕೆ ಜಾಗ ಎಲ್ಲಿದೆ?" ಎಂದು ಗದರಿದ. ಆಮೇಲೆ ಏನೋ ನೆನಪಾದವನಂತೆ, "ಅದಿರಲಿ, ಅಲ್ಲಿ ಡ್ರೈವರ್ ಎಡಗಡೆ ಕೂರ್ತಾನಂತೆ. ಹಾಗಾದ್ರೆ ಗೇರು ಯಾವ ಕೈಗೆ ಬರುತ್ತೆ?" ಎಂದು ಕೇಳಿದ.

"ಬಲಗೈಗೆ."

"ಬಲಗೈಗೆ!"

"ಹೂಂ. ಯಾಕಪ್ಪಾ?"

ಆ ಕಡೆಯಿಂದ ನಗು ಕೇಳಿತು. ಕಾಯಿಲೆ ಬಿದ್ದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ. "ಲೇ ಕ್ಲೀನರ್ರೇ, ನಾನೊಂದು ವಿಷಯ ನಿಂಗೆ ಹೇಳಿರಲಿಲ್ಲ. ನೀನು ಬಲಗೈಯಲ್ಲಿ ಗೇರು ಹಾಕೋದು ನೋಡಿ ನಂಗೆ ಒಳಗೇ ಬೇಜಾರಾಗ್ತಿತ್ತು. ದೊಡ್ಡವಳಾಗಿ ನನ್ನ ಸೀಟಿಗೆ ಬಂದ್ರೆ ಗೇರು ಎಡಗೈಗೆ ಬರುತ್ತೆ, ಕಲ್ತಿದ್ದೆಲ್ಲ ಮರೀಬೇಕು, ತಪ್ಪು ಕೈಗೆ ಕಲಿಸ್ಬಿಟ್ನಲ್ಲ ಅಂತ. ಈಗ ನೋಡು! ನಾನು ಕಲ್ಸಿದ್ದು ಊರಿನ ಗಾಡಿಗಲ್ಲ ಕಣೆ, ಅಲ್ಲಿನ ಗಾಡಿಗೇ!"

ನಾನು ಫೋನನ್ನು ಎಡಗೈಗೆ ಬದಲಾಯಿಸಿ ನನ್ನ ಬಲಗೈಯನ್ನೇ ನೋಡಿದೆ.

"ಕ್ಲಚ್ ಇರೋದನ್ನೇ ತಗೋ" ಎಂದ ಅಪ್ಪ. "ಕ್ಲಚ್ ಇಲ್ದಿದ್ರೆ ನಂಗೇನು ಕೆಲಸ ಅದ್ರಲ್ಲಿ?"

ಪಾಲಿಶ್ ಅಜ್ಜಿಯ ನೀಲಿ ಕಾರು ನಮ್ಮದಾಯಿತು. ಗಂಡ ಅದರ ಸುತ್ತ ಲಿಫ್ಟು ಪರೀಕ್ಷಿಸುವ ಹಾಗೆ ತಿರುಗಿ, ಎಲ್ಲ ಬಾಗಿಲುಗಳನ್ನೂ ತೆಗೆದು ಹಾಕಿ ನೋಡಿ, ಮೊದಲ ಸವಾರಿಗೆ ಮಾತ್ರ ತಾನು ಬರುವುದಿಲ್ಲ, ಕಿಟಕಿಯಿಂದ ನೋಡುತ್ತೇನೆ ಎಂದು ಮೇಲೆ ಹೋಗಿಬಿಟ್ಟರು. ಭಯವೋ, ಜಾಣತನವೋ, ಕೇಳಲಿಲ್ಲ. ಭಾನುವಾರದ ಮಧ್ಯಾಹ್ನ, ಬೀದಿ ಖಾಲಿ. ನಾನು ಎಡಗಡೆಯ ಸೀಟಿನಲ್ಲಿ ಕೂತು, ಫೋನನ್ನು ಬಲಗಡೆಯ ಸೀಟಿಗೆ ಒರಗಿಸಿಟ್ಟು, ಅಪ್ಪನಿಗೆ ಕರೆ ಮಾಡಿ ಸ್ಪೀಕರ್ ಹಾಕಿದೆ. ಮುಖ ಕಾಣುವುದು ಬೇಡ ಎಂದು ಮಾತಷ್ಟನ್ನೇ ಇಟ್ಟುಕೊಂಡೆ. ವ್ಯಾನಿನಲ್ಲೂ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಇಬ್ಬರೂ ರಸ್ತೆ ನೋಡುತ್ತಿದ್ದೆವು.

"ಹತ್ತಿದೀಯಾ?" ಎಂದ ಅಪ್ಪ.

"ಹತ್ತಿದೀನಿ."

"ಕನ್ನಡಿ ನೋಡ್ಕೊಂಡ್ಯಾ? ಶುರು ಮಾಡು ಮತ್ತೆ."

ಶುರು ಮಾಡಿದೆ. ಇಂಜಿನ್ನಿನ ಸದ್ದು ಅವನಿಗೂ ಕೇಳಿಸಿರಬೇಕು, ಹೂಂ ಎಂದು ತಲೆದೂಗಿದ ದನಿ ಬಂತು. ನನ್ನ ಬಲಗೈ ಗೇರಿನ ಮೇಲಿತ್ತು. ಎಡಗಾಲು ಎಂದಿನಂತೆ ಪೆದ್ದುಪೆದ್ದಾಗಿ ಕಾದಿತ್ತು.

"ಒತ್ತಿದೀನಿ" ಎಂದ ಅಪ್ಪ. ಅವನ ಉಸಿರು ಸ್ವಲ್ಪ ಭಾರವಾಗಿತ್ತು. "ಹಾಕು."

ಅದೇ ಹೊತ್ತಿಗೆ ಫೋನಿನೊಳಗಿಂದ, ದೂರದಿಂದ, ಅತ್ತಿಗೆಯ ದನಿ ಕೇಳಿತು. "ಅಯ್ಯೋ ಮಾವ, ಇದೇನಿದು, ಎಡಗಾಲಿನ ಮಂಡಿನ ಎರಡೂ ಕೈಯಲ್ಲಿ ಹೀಗೆ ಒತ್ತಿ ಹಿಡ್ಕೊಂಡಿದೀರಲ್ಲ? ಕಾಲು ನೋಯ್ತಾ ಇದ್ಯಾ?"

"ಸುಮ್ನಿರಮ್ಮಾ" ಎಂದ ಅಪ್ಪ. "ಮಗಳು ಗೇರು ಹಾಕ್ತಿದಾಳೆ."

ನಾನು ನನ್ನ ಎಡಗಾಲನ್ನು ಕೊನೆಯವರೆಗೂ ಒತ್ತಿದೆ. ಗೇರು ಹಾಕಿದೆ. ಸದ್ದೇ ಆಗಲಿಲ್ಲ.

"ಬಿತ್ತಾ?" ಎಂದು ಕೇಳಿದ.

"ಬಿತ್ತಪ್ಪಾ."

"ಹಾಗಾದ್ರೆ ನಾನು ನಿಧಾನಕ್ಕೆ ಬಿಡ್ತೀನಿ" ಎಂದ. ನಾನೂ ನಿಧಾನಕ್ಕೆ ಬಿಟ್ಟೆ. ಗಾಡಿ ಮುಂದಕ್ಕೆ ಹೊರಟಿತು.