ಅಪ್ಪ ಸಹಿ ಹಾಕಿದ ಕೊನೇ ಮಹಜರು

ಠಾಣೆಯ ಎದುರಿಗೇ ನಮ್ಮ ಜೆರಾಕ್ಸ್ ಅಂಗಡಿ. ಪೊಲೀಸರು ಏನನ್ನೇ ವಶಪಡಿಸಿಕೊಂಡರೂ, ಅದು ತಮ್ಮ ಕಣ್ಣೆದುರೇ ಸಿಕ್ಕಿತೆಂದು ಹೊರಗಿನ ಇಬ್ಬರು ಮಹಜರಿಗೆ ಸಹಿ ಹಾಕಬೇಕು. ಹದಿನೆಂಟು ವರ್ಷದಿಂದ ಆ ಇಬ್ಬರಲ್ಲೊಬ್ಬರು ನಮ್ಮಪ್ಪ, ಕರಿಬಸವಯ್ಯ. ಅಂಗಡಿ ಬಿಟ್ಟು ಕದಲದೆ ಅವರು 'ನೋಡಿದ' ಕಳ್ಳಮಾಲು ಎಷ್ಟೋ!

"ನಿಮ್ಮ ವಿಭೂತಿ ಹಣೆ ನೋಡಿದ್ರೆ ಜಡ್ಜ್ ಎರಡನೇ ಪ್ರಶ್ನೆ ಕೇಳಲ್ಲ ಬಿಡಿ," ಅನ್ನುತ್ತಿದ್ದ ಕಾನ್‌ಸ್ಟೆಬಲ್ ಗುರುಸಿದ್ದ. ಅಪ್ಪ ನಗುತ್ತಿದ್ದರು. ಲಾ ಓದುತ್ತಿದ್ದ ನನಗೆ ಆ ನಗು ಕಂಡರೆ ಮೈ ಉರಿಯುತ್ತಿತ್ತು.

ಆ ಮಂಗಳವಾರ ಮಧ್ಯಾಹ್ನ ಜರಗನಹಳ್ಳಿಯ ಪಾರ್ವತಮ್ಮ ಗಂಡನ ಆಧಾರ್ ಜೆರಾಕ್ಸ್ ಮಾಡಿಸಲು ಬಂದಳು. ಗಂಡ ಬೈರಣ್ಣ ಜಯನಗರದ ಪಾರ್ಕ್ ಪಕ್ಕ ಎಳನೀರು ಮಾರುತ್ತಾನೆ. ವಾಕಿಂಗ್ ಬಂದ ಯಾರದೋ ಸರ ಕಳೆದಿದೆ. "ಬೆಳಿಗ್ಗೆ ಹತ್ತಕ್ಕೇ ಕರ್ಕೊಂಡ್ ಬಂದವ್ರೆ ಸಾರ್. ಮಕ ತೋರಿಸ್ತಿಲ್ಲ," ಎಂದು ಹೋಗಿ, ಊಟದ ಡಬ್ಬಿ ಹಿಡಿದು ಠಾಣೆಯ ಮೆಟ್ಟಿಲ ಮೇಲೆ ಕೂತಳು.

ನಾನು ಪುಸ್ತಕ ತೆಗೆದು ಜೋರಾಗಿ ಓದಿದೆ. ಬೇಕಂತಲೇ. ಅಮೆರಿಕದಲ್ಲಿ ಬಂಧಿಸಿದವನನ್ನು ವಿಚಾರಿಸುವ ಮೊದಲು 'ನೀನು ಸುಮ್ಮನಿರಬಹುದು' ಎಂದು ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಠಾಣೆಯ ವಿಚಾರಣೆಯನ್ನು ರೆಕಾರ್ಡ್ ಮಾಡುತ್ತಾರೆ.

"ನಮ್ಮಲ್ಲಿ?" ಎಂದರು ಅಪ್ಪ.

"ನಮ್ಮ ಸಂವಿಧಾನದಲ್ಲೂ ಇದೆಯಪ್ಪ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಆರೋಪಿನ ಬಲವಂತ ಮಾಡಂಗಿಲ್ಲ."

ಅಪ್ಪ ಮೆಟ್ಟಿಲ ಕಡೆ ನೋಡಿದರು. "ಅವನ ಬಾಯಿ ಯಾಕೆ ಬೇಕು ಮೇಘಾ, ನನ್ನ ಸಹಿ ಇದೆಯಲ್ಲ."

ಐದೂವರೆಗೆ ಗುರುಸಿದ್ದ ಟೈಪಾದ ಮಹಜರು ತಂದ. ಸಂಜೆ ನಾಲ್ಕಕ್ಕೆ, ಎಳನೀರು ಗಾಡಿಯಲ್ಲಿ, ಬೈರಣ್ಣನೇ ತೋರಿಸಿದಂತೆ ಸರ ಸಿಕ್ಕಿತಂತೆ.

"ಸಹಿ ಹಾಕಿ ಮೂರು ಕಾಪಿ ಕೊಡಿ ಸಾರ್."

"ವಿಡಿಯೋ ತೆಗೆದ್ರಾ? ಹೊಸ ಕಾನೂನಲ್ಲಿ ತೆಗೀಲೇಬೇಕಂತೆ," ಎಂದರು ಅಪ್ಪ.

"ಮೇಘಶ್ರೀ ಮೇಡಂ, ನೀವು ಲಾ ಓದಿ ಅಪ್ಪನ್ನ ಕೆಡಿಸಿಬಿಟ್ರಿ!" ಎಂದು ನಗುತ್ತಾ ಫೋನಿನಲ್ಲಿ ಮುಳುಗಿದ.

ಅಪ್ಪ ಪೆನ್ನು ತೆಗೆದರು. ಇವತ್ತೂ ಹಾಕೇಬಿಡ್ತಾರೆ ಅಂದುಕೊಂಡೆ. ಯಾವತ್ತೂ ಒಂದೇ ಗೀಟಿಗೆ ಮುಗಿಯುವ ಸಹಿ ಅವತ್ತು ಮುಗಿಯಲೇ ಇಲ್ಲ. ಬರೆದರು, ಬರೆದರು. ಆಮೇಲೆ ಹಾಳೆ ನನ್ನ ಕೈಗೆ ಬಂತು.

'ನಾಲ್ಕು ಗಂಟೆಗೆ ನಾನು ನನ್ನ ಅಂಗಡಿಯಲ್ಲಿದ್ದೆ. ಸರ ಸಿಕ್ಕಿದ್ದನ್ನು ನೋಡಿಲ್ಲ. ಬೆಳಿಗ್ಗೆಯಿಂದ ಬೈರಣ್ಣ ಠಾಣೆಯಲ್ಲಿದ್ದಾನೆಂದು ಅವನ ಹೆಂಡತಿ ಮಧ್ಯಾಹ್ನವೇ ಹೇಳಿದ್ದಾಳೆ. ಇಂತಿ, ಕರಿಬಸವಯ್ಯ.'

ಮೆಷಿನ್ ಮೇಲಿಟ್ಟೆ. ಬಟನ್ ಒತ್ತುತ್ತಲೇ ಹೋದೆ. ಮೂಲ ಹಾಳೆಯ ಜೊತೆ ಮೂರು ಕಾಪಿ ಮಾತ್ರ ಗುರುಸಿದ್ದನಿಗೆ ಕೊಟ್ಟೆ.

ಓದಿದ ಗುರುಸಿದ್ದನ ಮುಖ ಕಪ್ಪಿಟ್ಟಿತು. "ನಾಳೆಯಿಂದ ಠಾಣೆಯ ಒಂದು ಹಾಳೇನೂ ಈ ಅಂಗಡಿಗೆ ಬರಲ್ಲ, ಗೊತ್ತಲ್ಲ?" ಎಂದವನೇ ಮಹಜರನ್ನು ಪರ್ರನೆ ಹರಿದ. ಮೂರು ಕಾಪಿಗಳನ್ನೂ ಹರಿದ.

"ಹರಿಯಪ್ಪ," ಎಂದರು ಅಪ್ಪ, ಕುರ್ಚಿಯಿಂದ ಏಳದೆ. "ಮೇಘಾ, ಎಷ್ಟು ಕಾಪಿ ತೆಗೆದೆ?"

"ಇಪ್ಪತ್ತು."

ಅಪ್ಪ ಉಳಿದ ಕಟ್ಟು ಎತ್ತಿಕೊಂಡು, ಹದಿನೆಂಟು ವರ್ಷದಲ್ಲಿ ಮೊದಲ ಸಲ, ನಿಜವಾದ ಸಾಕ್ಷಿ ಹೇಳಲು ಅಂಗಡಿಯಿಂದ ಕೆಳಗಿಳಿದರು. ರಸ್ತೆ ದಾಟಿ ಪಾರ್ವತಮ್ಮನ ಕೈಗಿಟ್ಟರು. "ಒಂದು ವಕೀಲರಿಗೆ, ಒಂದು ಜಡ್ಜ್‌ಗೆ. ನನ್ನನ್ನ ಕೋರ್ಟಿಗೆ ಕರೆಸು ತಾಯಿ, ಬರ್ತೀನಿ."

ಟ್ರಾಫಿಕ್ ನಡುವೆ ವಾಪಸು ನಡೆದು ಬಂದ ಆ ವಿಭೂತಿ ಹಣೆಯನ್ನು ನಾನು ಎದ್ದು ನಿಂತು ನೋಡಿದೆ.